ಆನ್‌ಲೈನ್ ಗುಂಪು ಯೋಜನೆಗಳಿಂದ ವಿದ್ಯಾರ್ಥಿಗಳ ಮೂಲ ಕೌಶಲಗಳು ನಿಜಕ್ಕೂ ಬೆಳೆಯುತ್ತವೆಯೇ?

ಬೆಳೆಯುತ್ತವೆ, ಆದರೆ ಕೆಲಸವನ್ನು ಹಂಚಿಕೊಂಡು ಕೊನೆಗೆ ಜೋಡಿಸಿಬಿಡಬಹುದಾದ ವಿಷಯ ಕೊಟ್ಟರೆ ಖಂಡಿತ ಇಲ್ಲ. ಒಬ್ಬರ ಮಾಹಿತಿಯಿಲ್ಲದೆ ಇನ್ನೊಬ್ಬರ ಭಾಗ ಪೂರ್ಣವಾಗದಂಥ ಪ್ರಶ್ನೆ ಬೇಕು. 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿರುವ ಬೆಂಗಳೂರಿನ ಕೆ.ಸಿ. ವ್ಯಾಲಿಯ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಸಂಸ್ಕರಿತ ಕೊಳಚೆ ನೀರಿನಿಂದ ಕೊಳವೆಬಾವಿಗಳಲ್ಲಿ ಏನು ಬದಲಾಗಿದೆ ಎಂದು ಕೇಳಿ ನೋಡಿ: ನರಸಾಪುರದ ವಿದ್ಯಾರ್ಥಿನಿ ತನ್ನೂರಿನ ರೈತರನ್ನು ಮಾತನಾಡಿಸಿ ತಂದ ಉತ್ತರವನ್ನು ಆ ನೀರು ತಲುಪದ ಊರಿನ ಸಹಪಾಠಿಯ ಉತ್ತರದೊಂದಿಗೆ ಹೋಲಿಸದೆ ಯಾರೂ ತೀರ್ಮಾನಕ್ಕೆ ಬರಲಾರರು, ಆಲಿಸುವುದು, ಪುರಾವೆ ಕೇಳುವುದು, ಭಿನ್ನಾಭಿಪ್ರಾಯವನ್ನು ಸೌಜನ್ಯದಿಂದ ಬರೆಯುವುದು, ಎಲ್ಲವೂ ಆ ಹೋಲಿಕೆಯಲ್ಲೇ ರೂಢಿಯಾಗುತ್ತವೆ. ಗೂಗಲ್ ಡಾಕ್ಸ್‌ನಲ್ಲಿ ಯಾರು, ಯಾವಾಗ, ಏನು ತಿದ್ದಿದರೆಂಬುದು ಉಳಿಯುವುದರಿಂದ ಗುಂಪಿಗೂ ವ್ಯಕ್ತಿಗೂ ಪ್ರತ್ಯೇಕ ಅಂಕ ನೀಡಬಹುದು. ಮನೆಗೊಂದೇ ಮೊಬೈಲ್ ಇರುವ ಮಕ್ಕಳೂ ತಂಡದಲ್ಲಿರುತ್ತಾರೆ. ಆದ್ದರಿಂದ ಗಡುವನ್ನು ದಯವಿಟ್ಟು ವಾರಗಳ ಲೆಕ್ಕದಲ್ಲಿ ಕೊಡಿ.