ಸ್ಕೋರ್ 6 ಬಂದ ಮೇಲೂ ಅಮ್ಮನಿಗೆ ಲಿವರ್ ಬಯಾಪ್ಸಿ ಬೇಕೆ?

ಚಿತ್ರದುರ್ಗದಲ್ಲಿರುವ ನಿಮ್ಮ ತಾಯಿಗೆ ಕಾಮಾಲೆಯಾಗಿದೆ, ಆಟೋಇಮ್ಯೂನ್ ಹೆಪಟೈಟಿಸ್‌ನ (ದೇಹದ ರೋಗನಿರೋಧಕ ಶಕ್ತಿಯೇ ಲಿವರ್ ಮೇಲೆ ದಾಳಿ ಮಾಡುವ ಕಾಯಿಲೆ) ಸ್ಕೋರ್ 6 ಎಂದು ಬರೆದ ವೈದ್ಯರು ಬಯಾಪ್ಸಿಗೂ (ಸೂಜಿಯಿಂದ ಲಿವರ್‌ನ ಚೂರು ತೆಗೆದು ಪರೀಕ್ಷಿಸುವುದು) ಹೇಳಿದ್ದಾರೆ, ಸ್ಕೋರ್ ಬಂದ ಮೇಲೆ ಸೂಜಿ ಚುಚ್ಚಿಸುವುದೇಕೆ ಎಂದು ಕೇಳಿದ್ದೀರಿ. ದಾವಣಗೆರೆಯಲ್ಲಿ ಪೆಥಾಲಜಿಸ್ಟ್ ಆಗಿ ಲಿವರ್ ಸ್ಲೈಡ್‌ಗಳನ್ನು ನೋಡುವ ನನ್ನ ಅಭಿಪ್ರಾಯದಲ್ಲಿ ಬಯಾಪ್ಸಿ ಮಾಡಿಸಬೇಕು.

ನಿಮ್ಮ ವೈದ್ಯರು ಬಳಸಿರುವುದು 2008ರ ಸರಳ ಸ್ಕೋರ್ ಎಂದು ಕಾಣುತ್ತದೆ. ಅದರಲ್ಲಿ ದೇಹದ ಸ್ವಂತ ಕೋಶಗಳ ವಿರುದ್ಧವೇ ಹುಟ್ಟುವ ಎಎನ್‌ಎ, ಎಸ್‌ಎಂಎಯಂಥ ಆಂಟಿಬಾಡಿಗಳಿಗೆ ಹೆಚ್ಚೆಂದರೆ 2, ರಕ್ತದಲ್ಲಿ ಐಜಿಜಿ ಎಂಬ ಪ್ರೋಟೀನಿನ ಏರಿಕೆಗೆ 2, ವೈರಲ್ ಹೆಪಟೈಟಿಸ್ ಇಲ್ಲವೆಂಬುದಕ್ಕೆ 2, ಬಯಾಪ್ಸಿಗೆ 2 ಅಂಕ. 6 ಬಂದರೆ ಕಾಯಿಲೆ ಸಂಭಾವ್ಯ, 7 ಅಥವಾ 8 ಬಂದರೆ ಖಚಿತ. ಅಂದರೆ ಬಯಾಪ್ಸಿಯಿಲ್ಲದೆ ಯಾರಿಗೂ 6ಕ್ಕಿಂತ ಹೆಚ್ಚು ಬರಲಾರದು.

ಇದಕ್ಕಿಂತ ನನ್ನ ಗಮನ ಸೆಳೆದದ್ದು ನೀವು ಕೊನೆಯಲ್ಲಿ ಸುಮ್ಮನೆ ಸೇರಿಸಿರುವ ಮಾತು: ತಾಯಿಯವರು ತಿಂಗಳುಗಟ್ಟಲೆ ಬೇಲಿಯ ಅಮೃತಬಳ್ಳಿಯ ಕಷಾಯ ಕುಡಿಯುತ್ತಿದ್ದರು. ಸರಳ ಸ್ಕೋರಿನಲ್ಲಿ ಔಷಧಿಯ ಪ್ರಶ್ನೆಯೇ ಇಲ್ಲ. 1999ರ ಪರಿಷ್ಕೃತ ಸ್ಕೋರಿನಲ್ಲಾದರೆ ಲಿವರ್‌ಗೆ ಹಾನಿ ಮಾಡಬಲ್ಲ ಔಷಧಿ ಸೇವಿಸಿದ್ದರೆ 4 ಅಂಕ ಕಳೆಯುತ್ತಾರೆ, ಸೇವಿಸಿರದಿದ್ದರೆ 1 ಕೂಡಿಸುತ್ತಾರೆ. ಚಿಕಿತ್ಸೆಗೆ ಮೊದಲು 15 ಮೀರಿದರೆ ಮಾತ್ರ ಖಚಿತ ಎನ್ನುವ ಆ ಲೆಕ್ಕದಲ್ಲಿ, ಈ ಒಂದು ಉತ್ತರದಿಂದಲೇ 16 ಇದ್ದದ್ದು 11ಕ್ಕಿಳಿದು ಸಂಭಾವ್ಯವಾಗಿಬಿಡಬಹುದು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದವರಲ್ಲಿ ಇದೇ ಬಗೆಯ ಲಿವರ್ ಉರಿಯೂತ ಕಂಡುಬಂದದ್ದನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ಮನೆಮದ್ದನ್ನು ಯಾರೂ ಔಷಧಿಯೆಂದು ಎಣಿಸುವುದಿಲ್ಲವಾದ್ದರಿಂದ ವೈದ್ಯರು ಕೇಳಿದರೂ ಇದು ಬಾಯಿಗೆ ಬರುವುದಿಲ್ಲ. ನೀವಾಗಿಯೇ ಹೇಳಿ, ಕಷಾಯವನ್ನು ಇಂದೇ ನಿಲ್ಲಿಸಿ.

ಸ್ಲೈಡ್ ಎಲ್ಲವನ್ನೂ ಇತ್ಯರ್ಥ ಮಾಡುತ್ತದೆ ಎಂದೇನೂ ಅಲ್ಲ. ಆಟೋಇಮ್ಯೂನ್ ಕಾಯಿಲೆ, ಔಷಧಿಯಿಂದಾದ ಹಾನಿ ಎರಡರಲ್ಲೂ ಲಿಂಫೋಸೈಟ್ ಮತ್ತು ಪ್ಲಾಸ್ಮಾ ಕೋಶಗಳು (ಉರಿಯೂತದ ಬಿಳಿ ರಕ್ತಕಣಗಳು) ಲಿವರ್‌ನೊಳಗೆ ರಕ್ತನಾಳಗಳಿರುವ ಪೋರ್ಟಲ್ ಭಾಗದ ಅಂಚು ದಾಟಿ ಲಿವರ್ ಕೋಶಗಳ ನಡುವೆ ನುಗ್ಗಿರುವುದು ಕಾಣಬಹುದು. ಆದರೆ ನಾರುಗಟ್ಟುವಿಕೆ ಹೆಚ್ಚಾಗಿದ್ದರೆ, ಅದು ಕೆಲವು ತಿಂಗಳ ಕಷಾಯದಿಂದಷ್ಟೇ ಆದದ್ದೆನ್ನುವುದು ಕಷ್ಟ, ಆಟೋಇಮ್ಯೂನ್ ಕಾಯಿಲೆಯ ಕಡೆಗೇ ಒಲವು ಹೆಚ್ಚುತ್ತದೆ. ಔಷಧಿಯಿಂದಾದದ್ದಾದರೆ, ಉರಿಯೂತ ಇಳಿಸಲು ಕೊಡುವ ಸ್ಟೀರಾಯ್ಡ್ ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಮರುಕಳಿಸುವುದಿಲ್ಲ. ಆಟೋಇಮ್ಯೂನ್ ಕಾಯಿಲೆಗೆ ವರ್ಷಗಟ್ಟಲೆ ಮಾತ್ರೆ ಬೇಕಾಗುತ್ತದೆ.

ಆಂಟಿಬಾಡಿ ವರದಿಯಲ್ಲಿ ಬರೀ ಪಾಸಿಟಿವ್ ಎಂದಿದ್ದರೆ ಟೈಟರ್ (ರಕ್ತವನ್ನು ಎಷ್ಟು ತೆಳು ಮಾಡಿದರೂ ಆಂಟಿಬಾಡಿ ಕಾಣುತ್ತದೆ ಎಂಬ ಅಳತೆ) ಕೇಳಿ ಪಡೆಯಿರಿ, ಏಕೆಂದರೆ ಸರಳ ಸ್ಕೋರಿನಲ್ಲಿ ಎಎನ್‌ಎ, ಎಸ್‌ಎಂಎ 1:40ಕ್ಕೆ ಒಂದು ಅಂಕ, 1:80ಕ್ಕೆ ಎರಡು. ರಕ್ತ ಹೆಪ್ಪುಗಟ್ಟುವ ಶಕ್ತಿ ತಿಳಿಸುವ ಪ್ಲೇಟ್‌ಲೆಟ್ ಮತ್ತು ಐಎನ್‌ಆರ್ ಪರೀಕ್ಷೆ ನೋಡಿ ವೈದ್ಯರು ಒಪ್ಪಿದರೆ, ಸ್ಟೀರಾಯ್ಡ್ ಆರಂಭಿಸುವ ಮೊದಲೇ ಬಯಾಪ್ಸಿ ಆಗಲಿ. ಸ್ಟೀರಾಯ್ಡ್ ಹೊಕ್ಕ ಮೇಲೆ ಉರಿಯೂತ ಇಳಿದು, ನಮಗೆ ಓದಲು ಸಿಗುವುದು ಅರ್ಧ ಚಿತ್ರ.