ಓದುಗರ ಪ್ರಶ್ನೆ: ಬಣವೆ, ಬೆಂಕಿ ಮತ್ತು ಮೊದಲ ಹತ್ತು ನಿಮಿಷ

ಪ್ರಶ್ನೆ: ನಮ್ಮ ಕಣದಲ್ಲಿ ರಾಗಿಹುಲ್ಲಿನ ಎರಡು ಬಣವೆಗಳಿವೆ. ಮೇಲೆ ಕರೆಂಟಿನ ತಂತಿ ಹೋಗಿದೆ, ಬೇರೆ ಜಾಗವಿಲ್ಲ. ಏನು ಮಾಡಲಿ? (ಶಿರಾ ತಾಲ್ಲೂಕು)

ಉತ್ತರ: ಜಾಗವಿಲ್ಲದಿದ್ದರೂ ತಂತಿಯ ಕೆಳಗಿಂದ ಬಣವೆ ಎತ್ತಲೇಬೇಕು. ಬಿಸಿಲಿಗೆ ತಂತಿ ಹಿಗ್ಗಿ ಜೋತು ಬೀಳುತ್ತದೆ. ಗಾಳಿಗೆ ಎರಡು ತಂತಿ ತಾಗಿದಾಗ ಉದುರುವುದು ಬರೀ ಕಿಡಿಯಲ್ಲ, ಕಾದು ಕರಗಿದ ಅಲ್ಯೂಮಿನಿಯಂ ಹನಿ. ಅದು ಒಣಹುಲ್ಲಿಗೆ ಬಿದ್ದರೆ ಮುಗಿಯಿತು. ತಂತಿಯಿಂದ ಪಕ್ಕಕ್ಕೂ 10 ಮೀಟರ್ ಸರಿಸಿ. ಮನೆ, ಕೊಟ್ಟಿಗೆಯಿಂದ 20 ಮೀಟರ್ ಆದರೂ ದೂರವಿರಲಿ. ಎರಡನ್ನೂ ಅಕ್ಕಪಕ್ಕದಲ್ಲೇ ಒಟ್ಟಿದರೆ ನಿಮ್ಮ ಲೆಕ್ಕಕ್ಕೆ ಎರಡು ಬಣವೆ, ಬೆಂಕಿಯ ಲೆಕ್ಕಕ್ಕೆ ಒಂದೇ. ಸುತ್ತ ಎರಡು ಮಾರು ಅಗಲಕ್ಕೆ ನೆಲ ಕೆರೆದು ಕಸಕಡ್ಡಿ ತೆಗೆಯಿರಿ.

ತಂತಿ ಜೋತಿದ್ದರೆ ಕಂಬದ ಮೇಲೆ ಬರೆದಿರುವ ನಂಬರ್ ಗುರುತು ಮಾಡಿಕೊಂಡು ವಿದ್ಯುತ್ ಸಹಾಯವಾಣಿ 1912ಕ್ಕೆ ದೂರು ಕೊಡಿ, ದೂರಿನ ಸಂಖ್ಯೆ ಕೇಳಿ ಪಡೆಯಿರಿ. ಕೋಲಿನಿಂದ ಎತ್ತಿ ಕಟ್ಟುವ ಸಾಹಸ ಬೇಡ.

ಪ್ರಶ್ನೆ: ಹೋದ ವರ್ಷ ಬಣವೆಗೆ ಬೆಂಕಿ ಬಿದ್ದಾಗ ಪಂಪ್ ಹಚ್ಚಿ ನೀರು ಹೊಡೆದೆವು. ಆರಿತು ಅಂದುಕೊಂಡರೆ ಮಾರನೇ ದಿನ ಮತ್ತೆ ಹತ್ತಿಕೊಂಡಿತು. ಯಾಕೆ? (ಹೊಸದುರ್ಗ)

ಉತ್ತರ: ಮಳೆನೀರು ಒಳಗಿಳಿಯಬಾರದು ಅಂತಲೇ ಅಲ್ಲವೇ ಬಣವೆಗೆ ಇಳಿಜಾರು ಕೊಟ್ಟು ಒಟ್ಟುವುದು? ಬೆಂಕಿ ಬಿದ್ದ ದಿನ ಆ ಜಾಣತನವೇ ತಿರುಗಿಬೀಳುತ್ತದೆ. ನೀವು ಹೊಡೆದ ನೀರು ಮೇಲಿಂದಲೇ ಜಾರಿಹೋಗುತ್ತದೆ, ಒಳಗೆ ಕೆಂಡ ಬೂದಿ ಹೊದ್ದು ಕೂತಿರುತ್ತದೆ.

ಮೊದಲು ಉರಿಯುವ ಬಣವೆಯ ಆಸೆ ಬಿಟ್ಟು ಪಕ್ಕದ್ದನ್ನು ನೋಡಿ. ಅದರ ಮೇಲೆ ಒದ್ದೆ ಗೋಣಿ ಹೊದಿಸಿ, ಕೊಟ್ಟಿಗೆಯ ಸೂರು ನೆನೆಸಿ. ಆಮೇಲೆ ಗಾಳಿಗೆ ಬೆನ್ನು ಕೊಟ್ಟು ನಿಂತು, ಉದ್ದ ಗಳುವಿಗೆ ಕೊಕ್ಕೆ ಕಟ್ಟಿ, ಅಂಚಿನಿಂದ ಸ್ವಲ್ಪ ಸ್ವಲ್ಪವೇ ಎಳೆದು ಹರಡುತ್ತ ಒಂದೊಂದು ಪದರವನ್ನೂ ನೆನೆಸಬೇಕು. 200 ಲೀಟರ್ ಡ್ರಮ್ಮಿನ ನೀರಿಗೆ ಎರಡು ಹಿಡಿ ಬಟ್ಟೆ ಸೋಪಿನ ಪುಡಿ ಕದಡಿದರೆ ನೀರು ಜಾರದೆ ಹುಲ್ಲಿಗೆ ಇಳಿಯುತ್ತದೆ. ಆ ಹುಲ್ಲನ್ನು ದನಕ್ಕೆ ಹಾಕಬೇಡಿ. ಬಣವೆಯ ಮೇಲೆ ಮಾತ್ರ ಯಾರೂ ಹತ್ತಕೂಡದು: ಒಳಗೆ ಸುಟ್ಟು ಟೊಳ್ಳಾದ ಜಾಗ ಹೊರಗಿನಿಂದ ಕಾಣುವುದಿಲ್ಲ, ಕಾಲಿಟ್ಟವರು ಕೆಂಡದೊಳಕ್ಕೆ ಇಳಿಯುತ್ತಾರೆ.

ಹಸಿಯಿರುವಾಗಲೇ ಒಟ್ಟಿದ ಅಥವಾ ಬೇಲ್ ಕಟ್ಟಿದ ಹುಲ್ಲಿಗೆ ಕಿಡಿಯೇ ಬೇಕಿಲ್ಲ, ತನ್ನಷ್ಟಕ್ಕೆ ಕಾಯುತ್ತದೆ. ಘಾಟು ವಾಸನೆ ಬಂದರೆ ಹಾರೆಯನ್ನು ನಡುವಿಗೆ ಚುಚ್ಚಿ 15 ನಿಮಿಷ ಬಿಟ್ಟು ಎಳೆಯಿರಿ. ತುದಿ ಕೈಯಲ್ಲಿ ಹಿಡಿಯಲಾಗದಷ್ಟು ಸುಟ್ಟರೆ ಅಪಾಯ. ಆಗ ನೀರು ಸಿದ್ಧವಿಲ್ಲದೆ ಬಿಚ್ಚಬೇಡಿ. ಗಾಳಿ ತಾಗಿದ ಕೂಡಲೇ ಭಗ್ಗನೆ ಹತ್ತಬಹುದು.

ಪ್ರಶ್ನೆ: ಅಗ್ನಿಶಾಮಕ ಠಾಣೆ 30 ಕಿ.ಮೀ. ದೂರ. ಫೋನ್ ಮಾಡಿ ಪ್ರಯೋಜನವೇ? (ಪಾವಗಡ)

ಉತ್ತರ: ಮಾಡಲೇಬೇಕು, ಅದೂ ಮೊದಲೇ. ನಾವೇ ಆರಿಸಿ ನೋಡೋಣ ಅಂತ ಅರ್ಧ ಗಂಟೆ ಕಳೆದ ಮೇಲೆ ಅಲ್ಲ. 101 ಅಥವಾ 112. ಊರಿನ ಹೆಸರಷ್ಟೇ ಸಾಲದು (ಒಂದೇ ಹೆಸರಿನ ಹಳ್ಳಿಗಳು ಎಷ್ಟಿಲ್ಲ!), ತಾಲ್ಲೂಕು, ಗ್ರಾಮ ಪಂಚಾಯಿತಿ, ಯಾವ ಕ್ರಾಸಿನಿಂದ ತಿರುಗಬೇಕು, ಏನು ಉರಿಯುತ್ತಿದೆ ಎಂದು ಹೇಳಿ. ಮುಖ್ಯರಸ್ತೆಗೆ ಒಬ್ಬರನ್ನು ಬೈಕಿನಲ್ಲಿ ಕಳಿಸಿ ನಿಲ್ಲಿಸಿ. ದೊಡ್ಡ ವಾಹನದಲ್ಲಿ ಬರುವುದು ಸಾಮಾನ್ಯವಾಗಿ 4,500 ಲೀಟರ್ ನೀರು, ಎರಡು ಪೈಪ್ ಬಿಟ್ಟರೆ ಹತ್ತು ನಿಮಿಷವೂ ಬರುವುದಿಲ್ಲ. ಮತ್ತೆ ತುಂಬಿಕೊಳ್ಳಲು ಯಾವ ಕೆರೆಯ ಏರಿಗೆ, ಯಾರ ಕೃಷಿಹೊಂಡಕ್ಕೆ ಲಾರಿ ಹೋಗುತ್ತದೆ ಎಂಬುದನ್ನು ಊರವರು ಈಗಲೇ ನೋಡಿಟ್ಟಿರಬೇಕು.

ಕೊಟ್ಟಿಗೆಯ ದನಗಳಿಗೆ ಒಂದೇ ಎಳೆತಕ್ಕೆ ಬಿಚ್ಚುವ ಜಾರುಗಂಟು ಹಾಕಿ. ಹೊರಗೆ ತಂದ ಮೇಲೆ ದೂರದ ಮರಕ್ಕೆ ಕಟ್ಟಿ. ಗಾಬರಿಯಲ್ಲಿ ಅವು ಉರಿಯುವ ಕೊಟ್ಟಿಗೆಗೇ ವಾಪಸ್ ನುಗ್ಗಬಹುದು.

ಪ್ರಶ್ನೆ: ರಾತ್ರಿ ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬಂದರೆ? (ಪಾಂಡವಪುರ)

ಉತ್ತರ: ಲೈಟ್ ಹಾಕಬೇಡಿ, ಉರಿಯುತ್ತಿರುವುದನ್ನು ಆರಿಸಲೂ ಬೇಡಿ, ಸ್ವಿಚ್ಚಿನ ಒಳಗಿನ ಕಿಡಿ ಸಾಕು. ರೆಗ್ಯುಲೇಟರ್ ಬಂದ್ ಮಾಡಿ ಬಾಗಿಲು ತೆರೆಯಿರಿ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲಮಟ್ಟದಲ್ಲೇ ನಿಲ್ಲುತ್ತದೆ, ಹಾಗಾಗಿ ಕಿಟಕಿಗಿಂತ ಬಾಗಿಲು ಮುಖ್ಯ. ದೇವರ ದೀಪ, ಒಲೆಯ ಕೆಂಡ ಇದ್ದ ಮನೆಯಾದರೆ ಎಲ್ಲರೂ ಹೊರಗೆ. ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಕರೆಯನ್ನು ಅಂಗಳದಿಂದ ಮಾಡಿ.

ಪ್ರಶ್ನೆ: ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಹಚ್ಚುವುದು ಸರಿಯೇ? (ಸಿದ್ದಾಪುರ)

ಉತ್ತರ: ಇಲ್ಲ. ಶಾಯಿ, ಅರಿಶಿನ, ಐಸ್ ಯಾವುದೂ ಬೇಡ. ನಲ್ಲಿಯ ತಣ್ಣೀರು, 20 ನಿಮಿಷ. ಆಮೇಲೆ ಒಗೆದ ಹತ್ತಿ ಬಟ್ಟೆ ಸಡಿಲವಾಗಿ ಮುಚ್ಚಿ 108ಕ್ಕೆ ಕರೆ ಮಾಡಿ. ಚರ್ಮಕ್ಕೆ ಅಂಟಿದ ಬಟ್ಟೆ ಕೀಳಬೇಡಿ. ಬಳೆ, ಉಂಗುರ, ಕಾಲುಂಗುರವನ್ನು ಮಾತ್ರ ನೀರು ಹಾಕುತ್ತಿರುವಾಗಲೇ ತೆಗೆಯಿರಿ. ಊದಿಕೊಂಡ ಮೇಲೆ ಅವನ್ನು ಕತ್ತರಿಸಿಯೇ ತೆಗೆಯಬೇಕಾಗುತ್ತದೆ.