ತಾರೀಖು ಬೇಡ, ಸರ್ವೆ ನಂಬರ್ ಕೇಳೋಣ

ಸಂಪಾದಕರ ಉತ್ತರ

ಚಿತ್ರದುರ್ಗದ ನಿವೃತ್ತ ಮೇಷ್ಟ್ರೊಬ್ಬರು ನಮಗೆ ಬರೆದ ಪತ್ರದ ಸಾರಾಂಶ ಇದು: "2011ರಲ್ಲಿ ನಮ್ಮೂರ ಮೇಲೆ ತುಮಕೂರು–ದಾವಣಗೆರೆ ನೇರ ರೈಲು ಬರುತ್ತದೆ ಅಂದಾಗ ಸ್ಟಾಫ್ ರೂಮಿನಲ್ಲಿ ಫೇಡೆ ಹಂಚಿದ್ದೆ. ಆಮೇಲೆ ನಾನು ನಿವೃತ್ತನಾದೆ. ಮಗಳು ಮದುವೆಯಾಗಿ ಬೆಂಗಳೂರಿನ ದಾಸರಹಳ್ಳಿಯಲ್ಲಿ ಸಂಸಾರ ಹೂಡಿದಳು. ಮೊಮ್ಮಗ ಶಾಲೆಗೆ ಹೋಗುತ್ತಿದ್ದಾನೆ. ರೈಲು ಮಾತ್ರ ಬಂದಿಲ್ಲ. ಈಗ ಬೆಂಗಳೂರಿನ ಮೆಟ್ರೋ ತುಮಕೂರಿಗೆ ಬರುತ್ತದಂತೆ. ಅದಕ್ಕೆ ಇಪ್ಪತ್ತು ಸಾವಿರ ಕೋಟಿ ಇದೆ, ನಮಗೆ ಎರಡು ಸಾವಿರ ಕೋಟಿ ಇಲ್ಲವೇ? ಪ್ರತಿ ಸಲವೂ ಖರ್ಚು ಯಾಕೆ ಏರುತ್ತದೆ? ಯಾವ ವರ್ಷ ರೈಲು ಹತ್ತುತ್ತೇನೆ ಅಂತ ನೀವಾದರೂ ಸರಿಯಾಗಿ ಹೇಳಿ."

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ಓದಿ ನನಗೂ ಸಂಕಟವಾಯಿತು. ನಾನು ದಾವಣಗೆರೆಯವನು. ಬೆಂಗಳೂರಿಗೆ ರೈಲು ಹತ್ತಿದರೆ ಚಿಕ್ಕಜಾಜೂರು, ಬೀರೂರು, ಕಡೂರು, ಅರಸೀಕೆರೆ, ತಿಪಟೂರು ಅಂತ ಸುತ್ತಿಕೊಂಡೇ ಹೋಗಬೇಕು. ನಿಮ್ಮ ಪಾಡು ನನಗಿಂತ ಕಷ್ಟ. ಬೆಂಗಳೂರು ಇರುವುದು ಒಂದು ದಿಕ್ಕಿಗೆ, ರೈಲು ಹಿಡಿಯಲು ನೀವು ಮೊದಲು ಹೋಗಬೇಕಾದ ಚಿಕ್ಕಜಾಜೂರು ಇನ್ನೊಂದು ದಿಕ್ಕಿಗೆ. ಹೊಸ ದಾರಿ 191 ಕಿ.ಮೀ. ಅದು ಬಂದರೆ ದಾವಣಗೆರೆಯವರಿಗೆ ಅರವತ್ತು ಕಿ.ಮೀ.ಗೂ ಜಾಸ್ತಿ ಸುತ್ತು ತಪ್ಪುತ್ತದೆ. ನಿಮ್ಮೂರಿಗಂತೂ ರಾಜಧಾನಿಗೆ ನೇರ ಹಳಿ ಸಿಗುವುದೇ ಮೊದಲ ಸಲ.

ಮೊದಲು ಆ ಇಪ್ಪತ್ತು ಸಾವಿರ ಕೋಟಿಯ ವಿಷಯ. ಅದು ಎಲ್ಲೋ ಪೆಟ್ಟಿಗೆಯಲ್ಲಿಟ್ಟಿರುವ ದುಡ್ಡಲ್ಲ. 2024ರ ರಾಜ್ಯ ಬಜೆಟ್‌ನಲ್ಲಿ, ಮೆಟ್ರೋವನ್ನು ತುಮಕೂರಿಗೆ ತರಲು ಆಗುತ್ತದೋ ಇಲ್ಲವೋ ನೋಡುತ್ತೇವೆ ಅಂದರು. ನೋಡಿದರು. ಈ ಕಡೆ ಮೆಟ್ರೋ ಕೊನೆಯಾಗುವ ಮಾದಾವರದಿಂದ ಅರವತ್ತು ಕಿ.ಮೀ.ಗೆ ಹತ್ತಿರ ದಾರಿ, 20,000 ಕೋಟಿ ರೂಪಾಯಿಗೂ ಜಾಸ್ತಿ ಖರ್ಚು ಅಂತ ಅಂದಾಜು ಬಂತು. ಖಾಸಗಿಯವರನ್ನು ಸೇರಿಸಿಕೊಂಡು ಕಟ್ಟುವ ಯೋಚನೆ ಇದೆ. ಅಂದರೆ ಕಿ.ಮೀ.ಗೆ ಸುಮಾರು 350 ಕೋಟಿ. ನಮ್ಮ ರೈಲಿಗೆ ಮಂಜೂರಾದಾಗ ಹಾಕಿದ ಅಂದಾಜು 1,801 ಕೋಟಿ, ಈಗ ಅದು 2,100 ಕೋಟಿ ದಾಟಿದೆ. ಕಿ.ಮೀ.ಗೆ ಹನ್ನೊಂದು ಕೋಟಿ ಚಿಲ್ಲರೆ. ಮೆಟ್ರೋ ಕಂಬದ ಮೇಲೆ ಓಡಬೇಕು, ಒಂದೆರಡು ಕಿ.ಮೀ.ಗೊಂದು ಸ್ಟೇಷನ್ ಬೇಕು, ಬೋಗಿ ಬೇರೆ, ಸಿಗ್ನಲ್ ಬೇರೆ, ಡಿಪೋ ಬೇರೆ. ನಮ್ಮದು ಹೊಲದ ನಡುವೆ ಮಣ್ಣಿನ ಏರಿ ಹಾಕಿ ಹಳಿ ಜೋಡಿಸುವ ಕೆಲಸ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಕಷ್ಟ.

ನನ್ನ ಅಭಿಪ್ರಾಯ ಕೇಳಿದರೆ, ತುಮಕೂರಿಗೆ ಮೆಟ್ರೋ ಈಗಲೇ ಬೇಡ. ಬೆಂಗಳೂರು–ತುಮಕೂರು ನಡುವೆ ಜೋಡಿ ಹಳಿ ಇದೆ, ಕರೆಂಟೂ ಇದೆ. ಆ ಹಳಿಯ ಮೇಲೆ ಬೆಳಿಗ್ಗೆ ಸಂಜೆ ಲೋಕಲ್ ರೈಲು ಜಾಸ್ತಿ ಓಡಿಸುವುದು ಮೊದಲ ಕೆಲಸ. ತುಮಕೂರಿನ ಗೆಳೆಯರಿಗೆ ಈ ಮಾತು ಹಿಡಿಸದೇ ಇರಬಹುದು. ಆದರೂ ಹೇಳಲೇಬೇಕು ಅನಿಸಿತು.

ಮಾದಾವರ ಅಂದೆನಲ್ಲ, ಆ ಊರು ನಮಗೂ ಬೇಕಾದ್ದೇ. ನೀವು ಮಗಳ ಮನೆಗೆ ಬಸ್ಸಿನಲ್ಲಿ ಹೋಗುವಾಗ ಹೆದ್ದಾರಿ ಪಕ್ಕದಲ್ಲೇ ಸಿಗುತ್ತದೆ. ಅಲ್ಲಿ ಇಳಿದು ಮೆಟ್ರೋ ಹತ್ತಿದರೆ ದಾಸರಹಳ್ಳಿ ನಾಲ್ಕೈದು ಸ್ಟೇಷನ್. ಎಂಟನೇ ಮೈಲಿಯ ಜಾಮ್‌ನಲ್ಲಿ ಬೆವರು ಸುರಿಸುತ್ತಾ ಕೂರಬೇಕಿಲ್ಲ. ನಾಗಸಂದ್ರದಿಂದ ಅಲ್ಲಿಗೆ ಬರೀ ಮೂರು ಕಿ.ಮೀ. ಚಿಲ್ಲರೆ. ಕೆಲಸ ಶುರುವಾಗಿದ್ದು 2017ರಲ್ಲಿ, ಜನ ಹತ್ತಿದ್ದು 2024ರ ನವೆಂಬರ್‌ನಲ್ಲಿ. ಮೂರು ಕಿ.ಮೀ.ಗೆ ಏಳು ವರ್ಷ! ನೆಲ ಸಿಗುವುದು ತಡವಾಯಿತು, ಒಂದೆರಡು ಕಡೆ ದಾರಿಯ ತಕರಾರು, ನಡುವೆ ಕೋವಿಡ್. ತಂತ್ರಜ್ಞಾನ ಗೊತ್ತಿಲ್ಲದೆ ನಿಂತ ಕೆಲಸ ಅದಲ್ಲ.

ಖರ್ಚು ಯಾಕೆ ಏರುತ್ತದೆ ಅಂತ ಕೇಳಿದ್ದೀರಿ. ಸಿಮೆಂಟು, ಕಬ್ಬಿಣದ ರೇಟು ಏರುವುದು ಒಂದು ಕಾರಣ, ನಿಜ. ಆದರೆ ಹುಡುಗರಿಗೆ ಚಕ್ರಬಡ್ಡಿ ಕಲಿಸಿದವರು ನೀವು. ವರ್ಷಕ್ಕೆ ನೂರಕ್ಕೆ ಆರರಂತೆ ರೇಟು ಏರಿದರೆ ಹನ್ನೆರಡು ವರ್ಷಕ್ಕೆ ದುಪ್ಪಟ್ಟಾಗುತ್ತದೆ. ಯಾರೂ ತಪ್ಪು ಮಾಡದಿದ್ದರೂ, ಯಾರೂ ದುಡ್ಡು ತಿನ್ನದಿದ್ದರೂ, ಸುಮ್ನೆ ಕೂತರೆ ಸಾಕು. ಬೆಂಗಳೂರು ಮೆಟ್ರೋದ ಮೊದಲ ಹಂತವನ್ನೇ ನೋಡಿ. 2006ರಲ್ಲಿ ಒಪ್ಪಿಗೆ ಸಿಕ್ಕಾಗ 33 ಕಿ.ಮೀ.ಗೆ 6,395 ಕೋಟಿ ಅಂದಿದ್ದರು. 2017ರಲ್ಲಿ ಮುಗಿದಾಗ ದಾರಿ 42.3 ಕಿ.ಮೀ. ಆಗಿತ್ತು, ಖರ್ಚು 13,845 ಕೋಟಿ. ದಾರಿ ಕಾಲು ಭಾಗದಷ್ಟು ಉದ್ದವಾಯಿತು, ಖರ್ಚು ಎರಡು ಪಟ್ಟು ದಾಟಿತು.

ಕಟ್ಟಿ ಮುಗಿಸಿದ ಮೇಲೂ ಕಾಯುವುದು ತಪ್ಪುವುದಿಲ್ಲ. ಬೊಮ್ಮಸಂದ್ರದ ಹಳದಿ ಮಾರ್ಗ ಗೊತ್ತಲ್ವಾ? ಕಂಬ, ಹಳಿ, ಸ್ಟೇಷನ್ ಎಲ್ಲ ಸಿದ್ಧವಿತ್ತು, ರೈಲೇ ಇರಲಿಲ್ಲ. ಬೋಗಿಗಳ ಗುತ್ತಿಗೆ 2019ರಲ್ಲಿ ಚೀನಾದ ಕಂಪನಿಗೆ ಹೋಯಿತು. ಮರುವರ್ಷವೇ ಗಡಿಯಲ್ಲಿ ಗಲಾಟೆ. ಅಲ್ಲಿಂದ ಬರಬೇಕಾದ ಎಂಜಿನಿಯರುಗಳಿಗೆ ವೀಸಾ ಸಿಗುವುದು ತಡವಾಯಿತು, ಇಲ್ಲಿನ ಕಂಪನಿಯ ಜೊತೆ ಸೇರಿ ಬೋಗಿ ಕಟ್ಟುವುದೂ ನಿಧಾನವಾಯಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಮಾರ್ಗ ತೆರೆದಾಗ ಇದ್ದದ್ದು ಮೂರೇ ರೈಲು, ಇಪ್ಪತ್ತೈದು ನಿಮಿಷಕ್ಕೊಂದು. ಖಾಲಿ ಸ್ಟೇಷನ್ ಮೇಲೂ ಸಾಲದ ಬಡ್ಡಿ ಓಡುತ್ತದೆ. ಆ ಭಾರ ಕೊನೆಗೆ ಟಿಕೆಟ್ಟಿಗೂ ಬರುತ್ತದೆ. 2025ರ ಫೆಬ್ರವರಿಯಲ್ಲಿ ಮೆಟ್ರೋದ ಅತಿ ದೂರದ ಟಿಕೆಟ್ 60 ರೂಪಾಯಿಯಿಂದ 90ಕ್ಕೆ ಹೋದದ್ದು ನಿಮ್ಮ ಮಗಳಿಗೆ ನೆನಪಿರುತ್ತದೆ.

ಬೆಂಗಳೂರಿನ ಉಪನಗರ ರೈಲಿನದು ಇನ್ನೂ ಬೇಸರದ ಕಥೆ. 148 ಕಿ.ಮೀ., 15,767 ಕೋಟಿ. 2022ರ ಜೂನ್‌ನಲ್ಲಿ ಪ್ರಧಾನಿಯೇ ಅಡಿಗಲ್ಲು ಹಾಕಿದರು. ನಲವತ್ತು ತಿಂಗಳಲ್ಲಿ ಮುಗಿಯುತ್ತದೆ ಅಂತ ಮಾತು. ನಲವತ್ತು ತಿಂಗಳು 2025ರಲ್ಲೇ ಮುಗಿಯಿತು, ಒಂದು ಮಾರ್ಗವೂ ಮುಗಿಯಲಿಲ್ಲ. ಗುತ್ತಿಗೆ ಹಿಡಿದಿದ್ದ ದೊಡ್ಡ ಕಂಪನಿಯೇ, ಜಾಗ ಕೊಟ್ಟಿಲ್ಲ ಅಂತ ಆ ವರ್ಷ ಕೈ ಎತ್ತಿತು.

ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಕೆನಡಾದ ವ್ಯಾಂಕೂವರ್ ಪಕ್ಕ ಸರ್ರೆ ಅಂತ ಒಂದು ಊರಿದೆ. ಅಲ್ಲಿ ರಸ್ತೆಯ ಮಟ್ಟದಲ್ಲೇ ಓಡುವ ಸಣ್ಣ ರೈಲಿಗೆ ಯೋಜನೆ ಆಗಿತ್ತು, 165 ಕೋಟಿ ಡಾಲರ್ ಹಣವೂ ಗೊತ್ತಾಗಿತ್ತು. 2018ರಲ್ಲಿ ಊರಿನ ಚುನಾವಣೆ ನಡೆಯಿತು. ಸಣ್ಣ ರೈಲು ಬೇಡ, ಕಂಬದ ಮೇಲಿನ ಸ್ಕೈಟ್ರೇನ್ ಬೇಕು ಅಂದವರು ಮೇಯರ್ ಆದರು. ಹಳೆ ಯೋಜನೆ ಅಲ್ಲಿಗೆ ನಿಂತಿತು. ಅದೇ ಹಣದಲ್ಲಿ ಹೊಸ ರೈಲು ಅರ್ಧ ದಾರಿಗೂ ಸಾಲದು ಅಂತ ಆಮೇಲೆ ಗೊತ್ತಾಯಿತು. 2022ರಲ್ಲಿ 16 ಕಿ.ಮೀ.ಗೆ ಸುಮಾರು 400 ಕೋಟಿ ಡಾಲರ್, 2028ಕ್ಕೆ ಮುಗಿಯುತ್ತದೆ ಅಂದರು. 2024ರಲ್ಲಿ ಅದು ಸುಮಾರು 600 ಕೋಟಿ ಡಾಲರ್ ಆಯಿತು, ಗಡುವು 2029ರ ಕೊನೆಗೆ ಹೋಯಿತು. ಎರಡರಲ್ಲಿ ಯಾವ ರೈಲು ಒಳ್ಳೆಯದು ಅನ್ನುವುದು ಬೇರೆ ಮಾತು. ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸಿದ್ದಕ್ಕೆ ಆ ಊರಿನವರು ವರ್ಷಗಳ ಲೆಕ್ಕದಲ್ಲಿ ಬೆಲೆ ತೆತ್ತರು.

ನಮ್ಮ ರೈಲನ್ನು ಯಾರೂ ರದ್ದು ಮಾಡಲಿಲ್ಲ. ಎಲ್ಲ ಪಕ್ಷದವರೂ ಬೇಕು ಅಂದರು. ಯಡಿಯೂರಪ್ಪ, ಸದಾನಂದಗೌಡ, ಜಗದೀಶ ಶೆಟ್ಟರ್, ಸಿದ್ದರಾಮಯ್ಯ, ಕುಮಾರಸ್ವಾಮಿ, ಬೊಮ್ಮಾಯಿ, 2011ರಿಂದೀಚೆಗೆ ಮುಖ್ಯಮಂತ್ರಿ ಕುರ್ಚಿಯಲ್ಲಿ ಇವರೆಲ್ಲ ಕೂತರು. ದೆಹಲಿಯಲ್ಲಿ ಖರ್ಗೆಯವರೂ ಸದಾನಂದಗೌಡರೂ ರೈಲ್ವೆ ಮಂತ್ರಿಗಳಾದರು. ಸುರೇಶ ಅಂಗಡಿ, ಆಮೇಲೆ ಸೋಮಣ್ಣ ರಾಜ್ಯ ಸಚಿವರಾಗಿ ಅದೇ ಖಾತೆಗೆ ಬಂದರು. ಹಾಗಾದರೆ ತಡ ಎಲ್ಲಿ? ಖರ್ಚಿನ ಅರ್ಧ ರಾಜ್ಯದ್ದು, ಅರ್ಧ ಕೇಂದ್ರದ್ದು, ಜಮೀನು ಪೂರ್ತಿ ರಾಜ್ಯವೇ ಕೊಡಬೇಕು ಅಂತ ಒಪ್ಪಂದ. ಜಮೀನು ಕೊಡಿ, ದುಡ್ಡು ಹಾಕುತ್ತೇವೆ ಅಂತ ಕೇಂದ್ರದವರು. ದುಡ್ಡು ಹಾಕಿ, ಜಮೀನು ಕೊಡುತ್ತೇವೆ ಅಂತ ರಾಜ್ಯದವರು. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 2023ರ ಕೇಂದ್ರ ಬಜೆಟ್‌ನಲ್ಲಿ ಹೇಳಿದ 5,300 ಕೋಟಿಗೆ ವರ್ಷಗಟ್ಟಲೆ ಕಾದದ್ದನ್ನು ನಿಮ್ಮ ಜಿಲ್ಲೆಯವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಜಮೀನಿನ ವಿಷಯ ಕಾಗದದಲ್ಲಿ ಓದಿದರೆ ಅರ್ಥವಾಗುವುದಿಲ್ಲ. ಹೋಗಿ ನೋಡಬೇಕು. ಹೋದ ಮಳೆಗಾಲದಲ್ಲಿ ನಾನು ಹೆದ್ದಾರಿ ಬಿಟ್ಟು, ರೈಲು ದಾರಿಗೆ ಗುರುತು ಮಾಡಿದ ಒಂದು ಹೊಲಕ್ಕೆ ಹೋಗಿದ್ದೆ. ಎದೆಮಟ್ಟ ಮೆಕ್ಕೆಜೋಳ. ಹೊಲದ ಯಜಮಾನ, ಎಪ್ಪತ್ತು ದಾಟಿದ ಅಜ್ಜ, ಕುಡುಗೋಲಿನಿಂದ ಹುಲ್ಲು ಸರಿಸಿ ಒಂದು ಗುರುತಿನ ಕಲ್ಲು ತೋರಿಸಿದರು. ಬಣ್ಣ ಅರ್ಧ ಹೋಗಿತ್ತು, ನಂಬರ್ ಕಾಣುತ್ತಿರಲಿಲ್ಲ. ಕಲ್ಲಿನ ಬುಡದವರೆಗೂ ಬಿತ್ತಿದ್ದರು. "ಬಿತ್ತಬೇಡ ಅಂದ್ರು, ರೊಕ್ಕ ಕೊಡ್ಲಿಲ್ಲ. ರೊಕ್ಕ ಬರೋತನಕ ಹೊಲ ಖಾಲಿ ಬಿಡಾಕೆ ಆಗ್ತದೇನಪ್ಪ?" ಅಂದರು.

ಬದುವಿನ ಮೇಲೆ ಕೂತು ಕಾಗದ ನೋಡಿದೆವು. ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಮಡಿಕೆಯ ಪಹಣಿ, ಅಂದರೆ ಹೊಲ ಯಾರದು ಅಂತ ಹೇಳುವ ಸರ್ಕಾರಿ ದಾಖಲೆ. ಅದರಲ್ಲಿದ್ದದ್ದು ಅಜ್ಜನ ಅಪ್ಪನ ಹೆಸರು. ಅವರು ತೀರಿಕೊಂಡು ಎಷ್ಟೋ ವರ್ಷವಾಗಿದೆ, ಪೌತಿ ಖಾತೆ, ಅಂದರೆ ಸತ್ತವರ ಹೆಸರಿನಿಂದ ಮಕ್ಕಳ ಹೆಸರಿಗೆ ಖಾತೆ ಬದಲಾಗುವುದು, ಆಗಿಲ್ಲ. ಮೂವರು ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹೊಲ ಹಂಚಿಕೊಂಡಿದ್ದಾರೆ, ಪೋಡಿ, ಅಂದರೆ ಪಾಲನ್ನು ಅಳೆದು ಬೇರೆ ಬೇರೆ ದಾಖಲೆ ಮಾಡುವುದು, ಆಗಿಲ್ಲ. ಒಬ್ಬ ತಮ್ಮ ದೂರದೂರಿನಲ್ಲಿದ್ದಾನೆ. ಇಬ್ಬರು ಅಕ್ಕತಂಗಿಯರ ಸಹಿ ಬೇಕು, ಒಬ್ಬಾಕೆಗೆ ತನ್ನ ಪಾಲು ಗಟ್ಟಿಯಾಗದೆ ಸಹಿ ಹಾಕುವ ಮನಸ್ಸಿಲ್ಲ. ಆಕೆ ಹೇಳುವುದರಲ್ಲಿ ನ್ಯಾಯವೂ ಇದೆ. ಹೋಗುವ ನೆಲ ಕೆಲವೇ ಗುಂಟೆ. ಆ ಗುಂಟೆಗಳ ಪರಿಹಾರ ಯಾರ ಖಾತೆಗೆ ಹೋಗಬೇಕು ಅನ್ನುವುದು ಬಗೆಹರಿಯದೆ ಫೈಲು ನಿಂತಿದೆ. ರೈಲು ಒಂದು ಹೊಲ ಬಿಟ್ಟು ಹಾರಿ ಹೋಗುವುದಿಲ್ಲ ಅಲ್ವಾ? ಆಚೆ ಈಚೆ ಎಲ್ಲ ಸಿಕ್ಕಿದ್ದರೂ ಆ ಗುಂಟೆಗಳಿಗೆ ಕಾಯಲೇಬೇಕು. 191 ಕಿ.ಮೀ. ಉದ್ದಕ್ಕೂ ಇಂಥ ಪಹಣಿಗಳಿವೆ.

ಇನ್ನೊಂದು ಮಾತು. ಯೋಜನೆ ಮಂಜೂರಾದಾಗ ಹಳೆ ಭೂಸ್ವಾಧೀನ ಕಾಯ್ದೆ ಇತ್ತು. 2014ರಿಂದ ಹೊಸ ಕಾಯ್ದೆ ಬಂತು. ಹಳ್ಳಿ ಜಮೀನಿಗೆ ಮಾರುಕಟ್ಟೆ ಬೆಲೆಯ ಎರಡು ಪಟ್ಟಿನವರೆಗೆ ಲೆಕ್ಕ ಹಾಕಿ, ಅದರ ಮೇಲೆ ಅಷ್ಟೇ ಮೊತ್ತ ಸೇರಿಸಿ ಕೊಡಬೇಕು. ಯೋಜನೆಯ ಖರ್ಚು ಅದರಿಂದಲೂ ಏರಿತು. ಈ ಏರಿಕೆ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ತಲೆತಲಾಂತರದಿಂದ ಉತ್ತ ನೆಲ ಬಿಟ್ಟುಕೊಡುವವನಿಗೆ ಅಷ್ಟು ಸಿಗಲೇಬೇಕು. ನನ್ನ ಸಿಟ್ಟು ಇರುವುದು, ಆ ಪರಿಹಾರವನ್ನೂ ಸಕಾಲಕ್ಕೆ ಕೊಡದೆ ರೈತನನ್ನೂ ಪ್ರಯಾಣಿಕನನ್ನೂ ಒಟ್ಟಿಗೆ ಕಾಯಿಸುವುದರ ಮೇಲೆ. ಒಂದು ಊರಿಗೆ ನಾಲ್ಕು ದಿನ ಸರ್ವೆಯವರು, ಗ್ರಾಮ ಲೆಕ್ಕಿಗರು ಕೂತು, ಪೌತಿ ಖಾತೆ, ಪೋಡಿ ಅಲ್ಲೇ ಮಾಡಿಕೊಟ್ಟರೆ ಎಷ್ಟೋ ಫೈಲು ಎದ್ದು ಓಡುತ್ತವೆ. ಅದಕ್ಕೆ ಸಾವಿರ ಕೋಟಿ ಬೇಡ.

ಕೆಲಸ ಪೂರ್ತಿ ನಿಂತಿಲ್ಲ ಅನ್ನುವುದನ್ನೂ ಹೇಳಬೇಕು. ತುಮಕೂರಿನಿಂದ ಊರುಕೆರೆ ಕಡೆಗೂ, ಈಚೆ ದಾವಣಗೆರೆ ಕಡೆಯೂ ಮಣ್ಣು ಬಿದ್ದಿದೆ. ಎರಡು ತುದಿಯಿಂದ ಶುರುವಾದ ಕೆಲಸ ನಡುವೆ ನಿಮ್ಮೂರಿನಲ್ಲಿ ಸೇರಬೇಕು. ಯಾವ ವರ್ಷ ಅಂತ ನಾನು ಹೇಳುವುದಿಲ್ಲ ಮೇಷ್ಟ್ರೇ. ನಿಮಗೆ ಇನ್ನೊಂದು ತಾರೀಖು ಕೊಟ್ಟು ಇನ್ನೊಂದು ಸಲ ಫೇಡೆ ಹಂಚಿಸಲು ನನಗೆ ಮನಸ್ಸಿಲ್ಲ.

ಅದರ ಬದಲು ನಾವು ಕೇಳುವ ಪ್ರಶ್ನೆಯನ್ನೇ ಬದಲಾಯಿಸೋಣ. ಮಂತ್ರಿಗಳು ಬಂದಾಗ ನಾವು ಯಾವಾಗಲೂ "ರೈಲು ಯಾವಾಗ?" ಅಂತ ಕೇಳುತ್ತೇವೆ. ಅವರು ಎರಡು ವರ್ಷ ಅನ್ನುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ. ಇನ್ನು ಮೇಲೆ ಭರಮಸಾಗರದಿಂದ ಚಿತ್ರದುರ್ಗದವರೆಗೆ ಎಷ್ಟು ಎಕರೆ ಬೇಕು, ಎಷ್ಟಕ್ಕೆ ಐತೀರ್ಪು (ಪರಿಹಾರ ಗೊತ್ತುಮಾಡುವ ಆದೇಶ) ಆಗಿದೆ, ಎಷ್ಟಕ್ಕೆ ದುಡ್ಡು ಕೊಟ್ಟಿದ್ದೀರಿ, ಎಷ್ಟು ರೈಲ್ವೆಯ ಕೈಗೆ ಹೋಗಿದೆ ಅಂತ ಕೇಳೋಣ. ಹಿರಿಯೂರು, ಐಮಂಗಲದ ಕಡೆಗೂ ಇದೇ ಪ್ರಶ್ನೆ. ಪ್ರತಿ ವರ್ಷ ಕೇಂದ್ರ ಬಜೆಟ್ ಆದ ಮೇಲೆ ರೈಲ್ವೆಯ ಪಿಂಕ್ ಬುಕ್ ಬರುತ್ತದೆ. ಯಾವ ದಾರಿಗೆ ಆ ವರ್ಷ ಎಷ್ಟು ಕೊಟ್ಟರು ಅಂತ ಅದರಲ್ಲಿ ಸಾಲು ಸಾಲಾಗಿ ಇರುತ್ತದೆ. ರಾಜ್ಯದ ಪಾಲು ಎಷ್ಟು ಕಟ್ಟಿದ್ದಾರೆ ಅಂತ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯಲ್ಲಿ ಕೇಳಬಹುದು. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು.

ನಾವು ಈ ಸಂಚಿಕೆಯಿಂದ ಶುರುಮಾಡುತ್ತಿದ್ದೇವೆ. ಹೆಬ್ಬಾಳು, ಆನಗೋಡು, ತೋಳಹುಣಸೆ ಕಡೆಯ ಊರುಗಳ ಲೆಕ್ಕ ನಮ್ಮವರು ತರುತ್ತಾರೆ. ಪ್ರತಿ ತಿಂಗಳು ಒಂದು ಪುಟ ಅದಕ್ಕೇ ಮೀಸಲು. ಭರಮಸಾಗರದ ಆಚೆ ಓಡಾಡಲು ನಮಗೆ ಜನ ಕಡಿಮೆ. ನಿಮಗೆ ಅಲ್ಲಿ ಪ್ರತಿ ಊರಿನಲ್ಲೂ ಹಳೆ ವಿದ್ಯಾರ್ಥಿಗಳಿರುತ್ತಾರೆ. ಪೋಡಿ ಆಗದೆ ನಿಂತ ಸರ್ವೆ ನಂಬರುಗಳನ್ನು ಅವರಿಂದ ಕೇಳಿ, ಒಂದು ನೋಟ್‌ಬುಕ್ಕಿನಲ್ಲಿ ಊರಿಗೊಂದು ಹಾಳೆಯಂತೆ ಬರೆದು ನಮಗೆ ಕಳಿಸಿ. ಹೊಲದವರ ಹೆಸರು ಬೇಡ, ನಂಬರ್ ಸಾಕು.